ಮಗುವಿಗೆ ಗ್ರೀಕ್ ಪುರಾಣದಿಂದ ಒಂದು ಹೆಸರು ಹೇಳಿ ಎನ್ನುವವರಿಗೆ

‘ಚಿಕ್ಕದಾಗಿರಬೇಕು, ಅರ್ಥ ಚೆನ್ನಾಗಿರಬೇಕು, ಇಲ್ಲಿ ಅಜ್ಜಿಗೂ ಅಲ್ಲಿ ಅಮೆರಿಕದ ಟೀಚರಿಗೂ ಕರೆಯಲು ಬರಬೇಕು. ಗ್ರೀಕ್ ಪುರಾಣದಲ್ಲಿ ಅಂಥದ್ದೊಂದು ಹೆಸರು ಇದೆಯೇ?’ ಪದೇ ಪದೇ ಬರುವ ಪ್ರಶ್ನೆ ಇದು. ಇದೆ, ಒಂದಲ್ಲ ಹಲವು. ಆದರೆ ಹುಡುಕುವ ಕ್ರಮ ಸರಿಯಿರಬೇಕು: ಮೊದಲು ಕಥೆ, ಆಮೇಲೆ ಬಾಯಿ, ಕೊನೆಗೆ ಕಾಗದ. ಹೆಚ್ಚಿನವರು ವೆಬ್‌ಸೈಟಿನಲ್ಲಿ ಅರ್ಥ ನೋಡಿ ಸ್ಪೆಲಿಂಗ್ ನಿಶ್ಚಯಿಸಿಬಿಡುತ್ತಾರೆ. ಕಥೆಯನ್ನು ಮುಂದೆ ಮಗುವೇ ಓದಿಕೊಂಡು ಬಂದು ಕೇಳುತ್ತದೆ.

ಹೆಸರಿನ ವೆಬ್‌ಸೈಟುಗಳು ಕೊಡುವ ಅರ್ಥಗಳನ್ನು ಅರ್ಧಕ್ಕರ್ಧ ಕಳೆದು ನಂಬಬೇಕು. ‘ನೈಸಾ’ ಎಂದರೆ ಹೊಸ ಆರಂಭ ಎಂದು ಬರೆದಿರುತ್ತಾರೆ. ಗ್ರೀಕ್ ಕಥೆಯಲ್ಲಿ ಅದು ಡಯೊನೈಸಸ್ ದೇವರನ್ನು ಅಪ್ಸರೆಯರು ಸಾಕಿದ ಬೆಟ್ಟದ ಹೆಸರು, ಅಷ್ಟೇ. ‘ಕೈರಾ’ ಪುರಾಣದ್ದಲ್ಲ; ಒಡತಿ, ಶ್ರೀಮತಿ ಎಂಬರ್ಥದ ಮಾತಿನಿಂದ ಬಂದದ್ದು. ‘ಮೈರಾ’ ಗ್ರೀಕ್ ಪುರಾಣದಲ್ಲಿ ಸಣ್ಣಪುಟ್ಟ ಪಾತ್ರಗಳ ಹೆಸರಾಗಿ ಮಾತ್ರ ಸಿಗುತ್ತದೆ. ಧ್ವನಿಯಲ್ಲಿ ಹತ್ತಿರದ, ಹೆಚ್ಚು ಹೆಸರಾದವಳು ಮಿರ‍್ರಾ, ಸ್ವಂತ ತಂದೆಯನ್ನೇ ಮೋಹಿಸಿ ಕೊನೆಗೆ ಮರವಾದವಳು. ಮಗಳ ಹೆಸರಿನ ಮೂಲ ಇದೇ ಎಂದು ಹೇಳಿಕೊಂಡು ತಿರುಗುವುದು ಬೇಡ. ಡಯಾನಾ, ಲೂನಾ, ಅರೋರಾ ಮೂವರೂ ರೋಮಿನವರು. ಅವರಿಗೆ ಸಾಟಿಯಾದ ಗ್ರೀಕ್ ದೇವತೆಯರು ಆರ್ಟೆಮಿಸ್, ಸೆಲೀನಿ, ಈಯೋಸ್. ಈ ಈಯೋಸ್ ನಮ್ಮ ವೇದದ ಉಷಸ್ಸಿನ ನಿಜವಾದ ಬಂಧು, ಎರಡೂ ಒಂದೇ ಮೂಲದ ಶಬ್ದಗಳು. ಅಂದರೆ ಮಗಳಿಗೆ ಉಷಾ ಎಂದಿಟ್ಟರೂ ಅರ್ಧ ಕೆಲಸ ಆದಂತೆಯೇ.

ಕಥೆಯ ವಿಷಯಕ್ಕೆ ಬರೋಣ. ಕೇಳಲು ಇಂಪಾದ ಹಲವು ಹೆಸರುಗಳ ಹಿಂದೆ ಓಡಿ ತಪ್ಪಿಸಿಕೊಂಡ ಹೆಣ್ಣಿದ್ದಾಳೆ, ಇಲ್ಲವೆ ತಪ್ಪಿಸಿಕೊಳ್ಳಲಾಗದ ಹೆಣ್ಣಿದ್ದಾಳೆ. ಡಾಫ್ನಿ ಬೆನ್ನಟ್ಟಿ ಬಂದ ಅಪೊಲೊ ದೇವರಿಂದ ಪಾರಾಗಲು ಮರವಾದಳು. ಪರ್ಸೆಫೊನಿಯನ್ನು ಹೂ ಕೊಯ್ಯುತ್ತಿದ್ದಾಗ ಹೇಡಿಸ್ ಪಾತಾಳಕ್ಕೆ ಹೊತ್ತೊಯ್ದ. ಕಸಾಂಡ್ರಾ ನುಡಿದದ್ದೆಲ್ಲ ನಿಜವಾಯಿತು, ಆದರೆ ಯಾರೂ ನಂಬಲಿಲ್ಲ. ಗಂಡು ಹೆಸರುಗಳೂ ಕಡಿಮೆಯಿಲ್ಲ. ಜೇಸನ್ ತನಗಾಗಿ ಎಲ್ಲವನ್ನೂ ಬಿಟ್ಟುಬಂದ ಮೀಡಿಯಾಳನ್ನು ತೊರೆದ. ಈಗ ತುಂಬ ಕೇಳಿಬರುವ ‘ಓರಿಯನ್’ ಆಕಾಶದಲ್ಲಿ ಎಷ್ಟು ಚೆಂದವೋ ಕಥೆಯಲ್ಲಿ ಅಷ್ಟಿಲ್ಲ: ಕಿಯೋಸ್ ದ್ವೀಪದ ರಾಜಕುಮಾರಿಯ ಮೇಲೆ ಕೈಮಾಡಲು ಹೋಗಿ ಕಣ್ಣು ಕಳೆದುಕೊಂಡ ಬೇಟೆಗಾರ. ನಕ್ಷತ್ರ ನೋಡಿ ಇಟ್ಟೆವು ಎನ್ನುವುದಾದರೆ ಅದು ಬೇರೆ ಮಾತು. ದುಃಖದ ಕಥೆಯೆಲ್ಲ ಕೆಟ್ಟ ಹೆಸರು ಅಂತಲೂ ಅಲ್ಲ. ನಮ್ಮಲ್ಲಿ ಸೀತೆ, ಊರ್ಮಿಳೆ ಇಲ್ಲವೇ? ಮಗು ಕೇಳಿದಾಗ ಕಣ್ಣು ತಪ್ಪಿಸದೆ ಹೇಳಬಲ್ಲಿರಾ, ಅಷ್ಟು ನೋಡಿಕೊಳ್ಳಿ.

ಕನ್ನಡದ ಮನೆಗೆ ನಾವು ಮೊದಲು ಸೂಚಿಸುವುದು ಎರಡು ಹೆಸರು. ಒಂದು ರಿಯಾ. ಕ್ರೋನಸ್ ತನ್ನ ಮಕ್ಕಳಲ್ಲೇ ಒಬ್ಬ ತನ್ನನ್ನು ಉರುಳಿಸುತ್ತಾನೆ ಎಂದು ಹೆದರಿ ಐದು ಶಿಶುಗಳನ್ನು ನುಂಗಿದ. ಆರನೆಯದು ಹುಟ್ಟಿದಾಗ ತಾಯಿ ರಿಯಾ ಬಟ್ಟೆ ಸುತ್ತಿದ ಕಲ್ಲನ್ನು ಅವನ ಕೈಗಿಟ್ಟು, ಮಗುವನ್ನು ಕ್ರೀಟ್ ದ್ವೀಪದ ಗುಹೆಯಲ್ಲಿ ಬಚ್ಚಿಟ್ಟಳು. ಅಳು ಹೊರಗೆ ಕೇಳದಿರಲೆಂದು ಕಾವಲಿನವರು ಗುರಾಣಿ ಬಡಿದು ಸದ್ದು ಮಾಡುತ್ತಿದ್ದರು. ಹಾಗೆ ಉಳಿದವನೇ ಮುಂದೆ ದೇವತೆಗಳ ರಾಜನಾದ ಜ಼್ಯೂಸ್. ಕಂಸನ ಸೆರೆಮನೆಯ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಸರಿನ ಅರ್ಥ ‘ಹರಿವ ನೀರು’ ಎನ್ನುವುದು ಮಾತ್ರ ಪ್ಲೇಟೊನ ‘ಕ್ರಾಟಿಲಸ್’ ಸಂವಾದದಲ್ಲಿ ಬರುವ ಪದಚಮತ್ಕಾರದ ಜಾಡು. ನಿಜವಾದ ಮೂಲ ಇತ್ಯರ್ಥವಾಗಿಲ್ಲ.

ಇನ್ನೊಂದು ಮಾಯಾ, ಗ್ರೀಕಿನಲ್ಲಿ ಮಾಯಿಯಾ. ದೇವದೂತ ಹರ್ಮಿಸ್‌ನ ತಾಯಿ, ಆಕಾಶ ಹೊತ್ತ ಅಟ್ಲಾಸನ ಏಳು ಹೆಣ್ಣುಮಕ್ಕಳಲ್ಲಿ ಹಿರಿಯಳು. ಆ ಏಳು ಜನ ನಾವು ಕೃತ್ತಿಕೆ ಎನ್ನುವ ತಾರಾಗುಚ್ಛವೇ. ಸ್ವಾರಸ್ಯ ಇನ್ನೂ ಇದೆ: ಕರಡಿಯಾದ ಕ್ಯಾಲಿಸ್ಟೊಳ ತಬ್ಬಲಿ ಮಗ ಆರ್ಕಾಸ್‌ನನ್ನು ಜ಼್ಯೂಸ್ ಈ ಮಾಯಿಯಾಳ ಮಡಿಲಿಗೇ ಹಾಕಿದ; ನಮ್ಮ ಕಥೆಯಲ್ಲಿ ಕೃತ್ತಿಕೆಯರು ಕಾರ್ತಿಕೇಯನಿಗೆ ಹಾಲೂಡಿಸಿದರು. ಸಂಸ್ಕೃತದ ಮಾಯೆಗೂ ಇವಳಿಗೂ ಸಂಬಂಧವಿಲ್ಲ, ಬರೀ ಧ್ವನಿಸಾಮ್ಯ. ಆದರೆ ಆ ಧ್ವನಿಸಾಮ್ಯವೇ ಹೆಸರನ್ನು ಎರಡೂ ಕಡೆ ಸಲೀಸಾಗಿಸುತ್ತದೆ.

ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಎನ್ನುವವರು ಅರಿಯಾಡ್ನಿ ನೋಡಬಹುದು. ಪ್ರಿಯಕರ ಥೀಸಿಯಸ್ ಅವಳನ್ನು ನಾಕ್ಸೊಸ್‌ನಲ್ಲಿ ಬಿಟ್ಟುಹೋದರೂ ಡಯೊನೈಸಸ್ ಮದುವೆಯಾದ. ಅವಳ ಕಿರೀಟ ಇವತ್ತಿಗೂ ನಕ್ಷತ್ರಪುಂಜ. ಗಂಡಾದರೆ ಹೆಕ್ಟರ್. ಟ್ರಾಯ್ ಯುದ್ಧದಲ್ಲಿ ಸೋತ ಪಕ್ಷದವನು, ನಿಜ. ಆದರೆ ಹೋಮರನ ‘ಇಲಿಯಡ್’ ಕಾವ್ಯದ ಆರನೆಯ ಸರ್ಗದಲ್ಲಿ, ಶಿರಸ್ತ್ರಾಣದ ಕುದುರೆಗೂದಲಿನ ಜುಟ್ಟು ಕಂಡು ಹೆದರಿ ಅತ್ತ ಕೂಸಿಗಾಗಿ ಅದನ್ನು ತೆಗೆದು ನೆಲಕ್ಕಿಟ್ಟು ಮಗುವನ್ನು ಎತ್ತಿಕೊಳ್ಳುವ ಅಪ್ಪ ಅವನು.

ಕ್ಲಾಸಿಕಲ್ ಕಾಲದ ಗ್ರೀಕರು ದೇವರ ಹೆಸರನ್ನು ಮಕ್ಕಳಿಗೆ ನೇರವಾಗಿ ಇಡುತ್ತಿರಲಿಲ್ಲ ಎಂಬುದೂ ಗೊತ್ತಿರಲಿ. ಆರ್ಟೆಮಿಸ್ ಅಲ್ಲ, ಆರ್ಟೆಮಿಸಿಯಾ. ಡಿಮೀಟರ್ ಅಲ್ಲ, ಡಿಮಿಟ್ರಿಯಸ್. ‘ದೇವದತ್ತ’ದ ಜಾತಿಯ ಥಿಯೊಡೊರಸ್. ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಪರ್ಷಿಯದ ಪರವಾಗಿ ಹಡಗು ನಡೆಸಿದ ರಾಣಿಯ ಹೆಸರು ಆರ್ಟೆಮಿಸಿಯಾ. ಅಥೆನ್ಸಿನಲ್ಲಿ ಹೆಸರಿಡುವ ಔತಣ ಹತ್ತನೆಯ ದಿನ ನಡೆಯುತ್ತಿತ್ತು. ಹನ್ನೊಂದನೆಯ ದಿನದ ನಾಮಕರಣ ಮಾಡುವವರಿಗೆ ಇದು ದೂರದ ಪದ್ಧತಿ ಅನ್ನಿಸಲಾರದು.

ಈಗ ಬಾಯಿ. ಹೆಸರಿಗೆ ವಿಭಕ್ತಿ ಹಚ್ಚಿ ನೋಡಿ. ‘ರಿಯಾಗೆ ಹಾಲು ಕೊಡು’, ‘ರಿಯಾಳ ಚಪ್ಪಲಿ ಎಲ್ಲಿ’ ಸಲೀಸು. ಐರಿಸ್ ಕಾಮನಬಿಲ್ಲಿನ ದೇವತೆ, ಮುದ್ದಾದ ಹೆಸರು; ಆದರೆ ವಾರದೊಳಗೆ ಮನೆಯಲ್ಲಿ ‘ಐರಿಸ್ಸಿಗೆ’, ‘ಐರಿಸ್ಸು’ ಆಗುತ್ತದೆ. ‘ಸ್’ನಲ್ಲಿ ಮುಗಿಯುವ ಗಂಡು ಹೆಸರುಗಳ ಪಾಡೂ ಇದೇ. ಗ್ರೀಕರು ಇದಕ್ಕೆ ದಾರಿ ಮಾಡಿಕೊಂಡಿದ್ದಾರೆ: ಕರೆಯುವಾಗ ಕೊನೆಯ ‘ಸ್’ ಬಿಡುತ್ತಾರೆ, ಅಹಿಲೇಯಾಸ್ ಎಂಬ ಹುಡುಗ ‘ಅಹಿಲೇಯಾ’ ಆಗುತ್ತಾನೆ. ಕೊನೆಯಲ್ಲಿ ‘e’ ಅಕ್ಷರ ಬರುವ ಇಂಗ್ಲಿಷ್ ಸ್ಪೆಲಿಂಗುಗಳಲ್ಲಿ ಆ ಅಕ್ಷರ ಮೌನವಲ್ಲ. ಪೆನೆಲೊಪಿಯನ್ನು ಹಾಜರಿ ಪುಸ್ತಕದಿಂದ ‘ಪೆನೆಲೋಪ್’ ಎಂದು ಕೂಗುವ ಶಾಲೆಗಳೇ ಹೆಚ್ಚು. ಪ್ರತಿ ಜೂನ್‌ನಲ್ಲಿ ತಿದ್ದಲು ಸಿದ್ಧರಿರಿ. ಫೀಬಿ ನಮ್ಮ ಹಳ್ಳಿಗಳಲ್ಲಿ ‘ಪೀಬಿ’ ಆಗುತ್ತದೆ. ಬೈಯುವ ಮೊದಲು ಒಂದು ಮಾತು: ಪ್ರಾಚೀನ ಗ್ರೀಕಿನಲ್ಲಿ ಆ ಅಕ್ಷರದ ಉಚ್ಚಾರ ಇಂಗ್ಲಿಷಿನದಲ್ಲ, ನಮ್ಮ ವರ್ಣಮಾಲೆಯ ಮಹಾಪ್ರಾಣ ‘ಫ’ವೇ. ಇನ್ನು ಥಾಲಿಯಾ, ಹಾಸ್ಯದ ಅಧಿದೇವತೆ. ಕ್ಲಾಸಿನಲ್ಲಿ ‘ನಾರ್ತ್ ಇಂಡಿಯನ್ ಥಾಲಿ’ ಆಗುವುದು ಖಚಿತ. ಹಾಸ್ಯದ ದೇವತೆ ತಾನೆ, ಸಹಿಸಿಕೊಳ್ಳಲಿ ಎನ್ನಬಹುದು. ಎಂಟು ವರ್ಷದ ಮಗು ಅಷ್ಟು ಉದಾರಿಯಲ್ಲ.

ಜನ್ಮನಕ್ಷತ್ರದ ಅಕ್ಷರ ನೋಡುವವರು ಉಚ್ಚಾರವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ‘ರೀಯಾ’ ಎಂದರೆ ಚಿತ್ತಾ ನಾಲ್ಕನೆಯ ಪಾದ, ‘ರೇಯಾ’ ಎಂದರೆ ಸ್ವಾತಿ ಎರಡನೆಯದು. ಕೃತ್ತಿಕೆಯ ಹಿರಿಯಕ್ಕ ಮಾಯಾ, ಅಕ್ಷರದ ಲೆಕ್ಕದಲ್ಲಿ ಮಘೆಗೆ ಹೋಗಿಬಿಡುತ್ತಾಳೆ. ಕೃತ್ತಿಕೆಗೆ ಅ, ಈ, ಉ, ಏ. ಅರಿಯಾಡ್ನಿ ಅಲ್ಲಿ ಕೂರುತ್ತಾಳೆ.

ಕಾಗದದ ಕೆಲಸದಲ್ಲಿ ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶವಿದೆ, ಆಮೇಲೆ ತಡಶುಲ್ಕ ಕಟ್ಟಬೇಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮದಿನದ ಆಧಾರ ಜನನ ಪ್ರಮಾಣಪತ್ರವೇ. ಹಾಗಾಗಿ ಅಲ್ಲಿ ಬಿದ್ದ ಸ್ಪೆಲಿಂಗ್ ಜೀವನಪೂರ್ತಿ ಹಿಂಬಾಲಿಸುತ್ತದೆ. ಕರ್ನಾಟಕದ ಪ್ರಮಾಣಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಕನ್ನಡದ ರೂಪವನ್ನು ಗುಮಾಸ್ತರ ಊಹೆಗೆ ಬಿಡದೆ ನೀವೇ ಬರೆದುಕೊಡಿ, ಇಲ್ಲದಿದ್ದರೆ ರಿಯಾ ‘ರ‍್ಹಿಯಾ’ ಆಗಿ ಬಂದೀತು. ಕ್ಲೋಯಿ, ಜ಼ೋಯಿ ಇಟ್ಟವರು ಇಂಗ್ಲಿಷ್ ಅಕ್ಷರದ ಮೇಲಿನ ಎರಡು ಚುಕ್ಕಿಗಳ (ë) ಆಸೆ ಬಿಡಿ. ಪಾಸ್‌ಪೋರ್ಟಿನ ಯಂತ್ರ ಓದುವ ಸಾಲಿನಲ್ಲಿ ಅವಕ್ಕೆ ಜಾಗವಿಲ್ಲ.