ಶೂ ಒಳಗೊಂದು ಅಡಿಕೆ

ನನ್ನ ಕಿವಿ ಬಿಸಿಯಾಯಿತು ಅಂದರೆ ಮೂತ್ರದ ಹೊತ್ತಾಯಿತು ಅಂತ ಅರ್ಥ. ತಮಾಷೆ ಅಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದಾಗಿನಿಂದ ಮೂತ್ರಚೀಲ ತುಂಬಿದ್ದು ನನಗೆ ನೇರವಾಗಿ ಗೊತ್ತಾಗುವುದಿಲ್ಲ. ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ತೋಳಿನ ಕೂದಲು ನಿಮಿರುತ್ತದೆ. ಆಗಲೂ ಸುಮ್ನೆ ಕೂತರೆ ತಲೆ ಸಿಡಿಯುತ್ತದೆ. ಮದುವೆ ಮನೆಯಲ್ಲಿ ಯಾರಾದರೂ "ಏನೋ, ಮುಖ ಕೆಂಪಾಗಿದೆ?" ಅಂದರೆ ನಾನು ಗಾಲಿಕುರ್ಚಿ ತಿರುಗಿಸಿಕೊಂಡು ಬಾತ್‌ರೂಮ್ ಹುಡುಕುತ್ತೇನೆ.

ಜನ ಕೇಳುವುದು ಕಾಲಿನ ಬಗ್ಗೆ ಮಾತ್ರ. "ಈಗ ಸ್ವಲ್ಪ ನಡೆಯೋಕೆ ಆಗುತ್ತಾ?" ಕಾಲು ಹೋದದ್ದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಆದರೆ ಕಾಲಿನ ಬದಲು ಗಾಲಿ ಸಿಕ್ಕಿತು. ಬೆವರಿಗೆ, ಬಿಪಿಗೆ, ಮೂತ್ರಕ್ಕೆ ಗಾಲಿ ಎಲ್ಲಿಂದ ತರುವುದು?

2014ರ ಆಗಸ್ಟ್. ನಮ್ಮದು ಸಾಗರದ ಕಡೆ ಎರಡು ಎಕರೆ ಅಡಿಕೆ ತೋಟ. ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯಬೇಕಿತ್ತು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಮಾತ್ರ ಬರಲಿಲ್ಲ. ಮೈಲುತುತ್ತ, ಸುಣ್ಣ ಎಲ್ಲ ಕಲಸಿಟ್ಟಾಗಿತ್ತು. ಚಿಕ್ಕಂದಿನಿಂದ ಹತ್ತಿದ ಮರಗಳೇ ಅಲ್ವಾ ಅಂತ ನಾನೇ ಹತ್ತಿದೆ. ಪಾಚಿ ಕಟ್ಟಿದ ಮರ. ಸುಮಾರು ಮೂವತ್ತು ಅಡಿಯಿಂದ ಬಸಿಗಾಲುವೆಯ ದಂಡೆ ಮೇಲೆ ಬೆನ್ನಡಿಯಾಗಿ ಬಿದ್ದೆ. ನೋವು ಆಮೇಲೆ ಬಂತು. ಮೊದಲು ನೆನಪಿರುವುದು, ನನ್ನ ಕಾಲು ಎಲ್ಲಿದೆ ಅಂತ ತಲೆಯೆತ್ತಿ ನೋಡಿದ್ದು.

ಇಬ್ಬರು ಕಂಕುಳಿಗೆ ಕೈಹಾಕಿ, ಇಬ್ಬರು ಕಾಲು ಹಿಡಿದು ಎತ್ತಿ, ಓಮ್ನಿಯ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. ಬೆನ್ನುಮೂಳೆ ಮುರಿದವನನ್ನು ಮಡಚಬಾರದು, ದಿಮ್ಮಿ ಹೊರಳಿಸಿದ ಹಾಗೆ ಮೈಯೆಲ್ಲ ಒಟ್ಟಿಗೇ ಹೊರಳಿಸಿ ಹಲಗೆ ಮೇಲೆ ಮಲಗಿಸಬೇಕು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಡಿಕೆ ಸೀಮೆಯಲ್ಲಿ ಮರದಿಂದ ಬೀಳುವವರಿಗೆ ಕಡಿಮೆ ಇಲ್ಲ, ಆದರೂ ಗೊತ್ತಿರಲಿಲ್ಲ. ಈಗ ನೆಲದ ಮೇಲೇ ನಿಂತು ಔಷಧಿ ಹೊಡೆಯುವ ಫೈಬರ್ ದೋಟಿ ನಮ್ಮ ಮನೆಗೂ ಬಂದಿದೆ. ಜಗಲಿಯ ಮೂಲೆಯಲ್ಲಿ ಅದನ್ನು ನೋಡಿದಾಗಲೆಲ್ಲ ಸ್ವಲ್ಪ ಸಿಟ್ಟು ಬರುತ್ತದೆ.

ಆಸ್ಪತ್ರೆಯ ಚೀಟಿಯಲ್ಲಿ ಡಿ5 ಅಂತ ಬರೆದಿತ್ತು. ಮೊಬೈಲಿನಲ್ಲಿ ಹುಡುಕಿದರೆ ಎಲ್ಲಾ ಕಡೆ ಟಿ5. ಎರಡೂ ಒಂದೇ ಅಂತ ತಿಳಿಯಲು ಒಂದು ವಾರ ಹಿಡಿಯಿತು. ಎದೆಯ ಹಿಂದಿರುವ ಹನ್ನೆರಡು ಮೂಳೆಗಳಲ್ಲಿ ಐದನೆಯದು. ಈ ಮೂಳೆಗಳ ಒಳಗೆ ಇಳಿಯುವ ಬೆನ್ನುಹುರಿ ಹೆಚ್ಚುಕಡಿಮೆ ಕಿರುಬೆರಳಿನ ದಪ್ಪ, ಉದ್ದ ಸುಮಾರು 45 ಸೆಂಟಿಮೀಟರ್. ಸೊಂಟದ ಮೇಲ್ಭಾಗಕ್ಕೇ ಮುಗಿದುಹೋಗುತ್ತದೆ. ಪೆಟ್ಟು ಎಲ್ಲಿ ಬಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕುತ್ತಿಗೆಗೆ ಬಿದ್ದಿದ್ದರೆ ಕೈಯೂ ಹೋಗುತ್ತಿತ್ತು, ಕುತ್ತಿಗೆಯ ತೀರಾ ಮೇಲಾದರೆ ಉಸಿರಿಗೂ ಮಷೀನು ಬೇಕಿತ್ತು. ಸೊಂಟಕ್ಕೆ ಬಿದ್ದಿದ್ದರೆ ಈ ಕಿವಿ ಬಿಸಿಯಾಗುವ ಕಥೆಯೇ ಇರುತ್ತಿರಲಿಲ್ಲ.

ನನ್ನ ಗೆರೆ ಮೊಲೆತೊಟ್ಟಿನಿಂದ ಎರಡು ಬೆರಳು ಕೆಳಗೆ. ಬಿಸಿನೀರು ಹೊಯ್ದುಕೊಂಡರೆ ಅಲ್ಲಿವರೆಗೆ ಹಾಯ್ ಅನ್ನಿಸುತ್ತದೆ, ಅಲ್ಲಿಂದ ಕೆಳಗೆ ಬೇರೆ ಯಾರದೋ ಸ್ನಾನ. ಗೆರೆಯ ಕೆಳಗೆ ಬೆವರೂ ಇಲ್ಲ. ಏಪ್ರಿಲ್‌ನಲ್ಲಿ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯನ್ನು ತೊಡೆ ಮೇಲೆ ಇಟ್ಟುಕೊಂಡೇ ಇರುತ್ತೇನೆ. ಗಟ್ಟಿಯಾಗಿ ಕೆಮ್ಮುವುದಕ್ಕೂ ಹೊಟ್ಟೆಯ ಸ್ನಾಯು ಬೇಕು ಅಂತ ಗೊತ್ತಾಗಿದ್ದು ಮೊದಲ ಚಳಿಗಾಲದ ನೆಗಡಿಯಲ್ಲಿ.

ಮೊದಲ ಒಂದೂವರೆ ತಿಂಗಳು ಕಾಲು ಎರಡೂ ಬಾಳೆದಿಂಡಿನ ಹಾಗೆ ಬಿದ್ದಿದ್ದವು. ಒಂದು ಬೆಳಿಗ್ಗೆ ಅಮ್ಮ ಹಾಸಿಗೆ ಬಟ್ಟೆ ಎಳೆದಳು. ಬಲಗಾಲು ಮೊಣಕಾಲಿನಲ್ಲಿ ಮಡಚಿ ಟಕ್ ಅಂತ ಜಿಗಿಯಿತು.

"ಅಪ್ಪೀ, ಕಾಲು ಆಡ್ತು!"

ವಾರ್ಡಿನಲ್ಲಿದ್ದವರೆಲ್ಲ ಎದ್ದು ಬಂದರು. ನಾನೂ ಅತ್ತೆ. ಅಮ್ಮ ಇನ್ನೊಂದು ಸಲ ಬಟ್ಟೆ ಎಳೆದಳು, ಇನ್ನೊಂದು ಸಲ ಜಿಗಿಯಿತು. ಆಮೇಲೆ ಫಿಸಿಯೋ ಹುಡುಗಿ ಬಂದು, ಮಂಚದ ಮೇಲೆ ಕೂತು, ನಿಧಾನಕ್ಕೆ ಹೇಳಿದಳು. ಪೆಟ್ಟಿನ ಕೆಳಗಿನ ಹುರಿ ಸತ್ತಿಲ್ಲ. ಮೊದಮೊದಲು ಆಘಾತಕ್ಕೆ ಸ್ತಬ್ಧವಾಗಿರುತ್ತದೆ, ಆಮೇಲೆ ಎಚ್ಚರವಾಗುತ್ತದೆ. ಆದರೆ ಮೆದುಳಿನ ಮಾತು ಅದಕ್ಕೆ ತಲುಪುವುದಿಲ್ಲ. ಬಟ್ಟೆ ಉಜ್ಜಿದರೆ ಆ ಸುದ್ದಿ ಹುರಿಯವರೆಗೆ ಹೋಗಿ, ಅಲ್ಲಿಂದಲೇ ತಿರುಗಿ ಕಾಲನ್ನು ಜಗ್ಗುತ್ತದೆ. ನಾನು ಆಡಿಸಿದ್ದಲ್ಲ. ಅಮ್ಮ ಎಲ್ಲ ಕೇಳಿಸಿಕೊಂಡು, "ಆಡ್ತಲ್ಲ ಆದರೂ" ಅಂದಳು.

ಈಗ ಆ ಜಿಗಿತಕ್ಕೆ ಮೂರು ಹೊತ್ತು ಮಾತ್ರೆ ತಗೊಳ್ಳುತ್ತೇನೆ. ಇಲ್ಲದಿದ್ದರೆ ರಾತ್ರಿ ಕಾಲು ನನ್ನನ್ನು ಮಂಚದಿಂದ ಕೆಳಗೆ ಒದೆಯುತ್ತದೆ.

ಮೂತ್ರ ಗಡಿಯಾರದ ಲೆಕ್ಕ. ನಾಲ್ಕೈದು ತಾಸಿಗೊಮ್ಮೆ ಕೈ ಸೋಪಿನಲ್ಲಿ ತೊಳೆದು, ಪೈಪು ಹಾಕಿ ಖಾಲಿ ಮಾಡಬೇಕು. 500 ಮಿಲಿ ದಾಟಲು ಬಿಡಬಾರದು, ಒತ್ತಡ ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ಹಿಂದೆಲ್ಲ ನಮ್ಮಂಥವರು ಹೆಚ್ಚಾಗಿ ಸಾಯುತ್ತಿದ್ದುದು ಕಿಡ್ನಿ ಕೆಟ್ಟೇ. ನೆಂಟರ ಮನೆಯಲ್ಲಿ ಎರಡನೇ ಲೋಟ ಕಷಾಯ ಬೇಡ ಅನ್ನುವುದು ಮರ್ಯಾದೆಗಲ್ಲ. ಗಂಡ ಹೆಂಡತಿ ವಿಷಯ ಇನ್ನೊಂದು ದಿನ ಬರೆಯುತ್ತೇನೆ, ಹೆಂಡತಿ ಒಪ್ಪಿದರೆ.

ಈಗ ಶೂ ಕಥೆ. ಅಡಿಕೆ ಸುಲಿಯುವ ಕಾಲ. ಜಗಲಿ ತುಂಬಾ ಅಡಿಕೆ, ಸಿಪ್ಪೆ. ನನ್ನ ಶೂ ಅಲ್ಲೇ ಗೋಡೆ ಬದಿಗೆ ಇತ್ತು. ಬೆಳಿಗ್ಗೆ ಹಾಕಿಕೊಂಡು ಸಾಗರ ಪೇಟೆಗೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಕಿವಿ ಬಿಸಿ. ಪೈಪು ಹಾಕಿ ಖಾಲಿ ಮಾಡಿಕೊಂಡೆ. ಇಳಿಯಲಿಲ್ಲ. ಹಣೆಯಲ್ಲಿ ನೀರು ಸುರಿದ ಹಾಗೆ ಬೆವರು, ತಲೆಯೊಳಗೆ ಒನಕೆ ಕುಟ್ಟಿದ ಹಾಗೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಬಿಪಿ 180/110. ನನ್ನದು ಮಾಮೂಲಿ 100/60. ಅಲ್ಲಿದ್ದವರು ಮಲಗಿ ಮಲಗಿ ಅಂದರು. ಮಲಗಲೇಬಾರದು, ಮಲಗಿದರೆ ತಲೆಗೆ ಇನ್ನೂ ಏರುತ್ತದೆ. ನನ್ನವಳು ಗಟ್ಟಿ. "ಕೂತೇ ಇರಿ" ಅಂತ ಗದರಿಸಿ, ಬೆಲ್ಟ್ ಬಿಚ್ಚಿ, ಪ್ಯಾಂಟು ಸಡಿಲ ಮಾಡಿ, ಕೊನೆಗೆ ಶೂ ಕಳಚಿದಳು.

ಎಡಗಾಲಿನ ಶೂನಿಂದ ಒಂದು ಅಡಿಕೆ ಟಣ್ ಅಂತ ನೆಲಕ್ಕೆ ಬಿತ್ತು.

ಹತ್ತೇ ನಿಮಿಷದಲ್ಲಿ ಬಿಪಿ ಇಳಿಯಿತು. ನಿಮ್ಮ ಶೂನಲ್ಲಿ ಅಡಿಕೆ ಬಿದ್ದಿದ್ದರೆ ಎರಡು ಹೆಜ್ಜೆಗೆ ಗೊತ್ತಾಗುತ್ತಿತ್ತು. ನನ್ನ ಪಾದ ಬೆಳಗಿನಿಂದ ಕೂಗುತ್ತಲೇ ಇತ್ತು, ಕೂಗು ಡಿ5 ದಾಟಲಿಲ್ಲ. ಆದರೆ ಕೆಳಗಿನ ಹುರಿಗೆ ಕೇಳಿತು. ಅದು ಗಾಬರಿಬಿದ್ದು ಹೊಟ್ಟೆ, ಕಾಲಿನ ರಕ್ತನಾಳ ಎಲ್ಲ ಬಿಗಿಹಿಡಿಯಿತು. ಬಿಪಿ ಏರಿದ್ದು ಹಾಗೆ. ಮೆದುಳಿಗೆ ಏರಿದ್ದು ಗೊತ್ತಾಗುತ್ತದೆ, ಸಡಿಲ ಬಿಡು ಅಂತ ಹೇಳುತ್ತದೆ, ಆ ಮಾತೂ ಗೆರೆಯ ಕೆಳಗೆ ಇಳಿಯುವುದಿಲ್ಲ. ಗೆರೆಯ ಮೇಲಷ್ಟೇ ಸಡಿಲವಾಗಿ ಮುಖ ಕೆಂಪು, ಬೆವರು. ಡಿ6ರಿಂದ ಮೇಲೆ ಪೆಟ್ಟಾದವರಿಗೆ ಇದು ಬರುತ್ತದೆ. ಕಾರಣ ಹುಡುಕಿ ತೆಗೆಯದಿದ್ದರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಹೆಚ್ಚಿನ ಸಲ ತುಂಬಿದ ಮೂತ್ರಚೀಲ, ಇಲ್ಲದಿದ್ದರೆ ಮಲಬದ್ಧತೆ, ಹುಣ್ಣು, ಒಳಗೆ ಬೆಳೆದ ಉಗುರು. ಅಡಿಕೆ ನನ್ನ ಸ್ವಂತ ಸೇರ್ಪಡೆ.

ಅಡಿಕೆ ಒತ್ತಿದ ಜಾಗ ಅವತ್ತು ಕೆಂಪಗಿತ್ತು, ಆಮೇಲೆ ಕಪ್ಪಾಯಿತು, ಆಮೇಲೆ ಹುಣ್ಣು. ಮಾಯಲು ಎರಡು ತಿಂಗಳು. ಅಷ್ಟೂ ದಿನ ಮೊಣಕಾಲು ಕೆಳಗೆಲ್ಲ ಕೆಂಡ ತುಳಿದ ಹಾಗೆ ಉರಿ. ಮುಟ್ಟಿದರೆ ಗೊತ್ತಾಗದ ಕಾಲು ಉರಿಯುವುದು ಹೇಗೆ ಅಂತ ಅಮ್ಮ ಇವತ್ತಿಗೂ ಕೇಳುತ್ತಾಳೆ.

ಅಮ್ಮ ಅಂದರೆ ನೆನಪಾಯಿತು. ಕಾಲು ಜಿಗಿಯುವ ಮೊದಲೇ ಅವಳು ಸಿಗಂದೂರಿಗೆ ಹರಕೆ ಹೊತ್ತಿದ್ದಳಂತೆ. ಎರಡು ವರ್ಷ ಬಿಟ್ಟು ತೀರಿಸಲು ಹೊರಟಳು. ನಾನು ನಡೆಯಲೇ ಇಲ್ಲವಲ್ಲ ಅಂದೆ. "ಕಾಲು ಆಡಿದ್ರೆ ಬರ್ತೀನಿ ಅಂದಿದ್ದೆ. ನಡೆದ್ರೆ ಅಂದಿರಲಿಲ್ಲ" ಅಂದಳು. ಆಗ ಸೇತುವೆ ಇರಲಿಲ್ಲ, ಲಾಂಚಿನಲ್ಲೇ ಶರಾವತಿ ಹಿನ್ನೀರು ದಾಟಬೇಕು. ಬಸ್ಸು, ಜೀಪುಗಳ ನಡುವೆ ನನ್ನ ಕುರ್ಚಿಗೆ ಬ್ರೇಕ್ ಹಾಕಿ ನಿಲ್ಲಿಸಿದರು. ಇಂಜಿನ್ ಶುರುವಾಗಿ ತಗಡು ಅದುರಿದ್ದೇ ತಡ, ನನ್ನ ಎರಡೂ ಕಾಲು ತಟಪಟ ಕುಣಿಯತೊಡಗಿದವು. ಅಮ್ಮ ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಭುಜ ತಟ್ಟಿ, "ನೋಡಿ" ಅಂದಳು.