ಅಂಗೈ ಮೇಲೆ ಎರಡು ತೋಟಾ

ಪಕ್ಕದ ಮನೆಯಾತ ಇವತ್ತು ಗ್ಯಾರೇಜಿನಲ್ಲಿ ಬಂದೂಕಿನ ಎರಡು ತೋಟಾ ನನ್ನ ಅಂಗೈಗೆ ಹಾಕಿದ. ಒಂದು .30-06 ಅನ್ನೋ ಬಗೆಯದು. ನನ್ನ ನಡುಬೆರಳಿಗಿಂತ ಉದ್ದ! 1906ರಲ್ಲಿ ಅಮೆರಿಕದ ಸೇನೆಗೆ ಬಂದದ್ದು, ಅದಕ್ಕೇ ಆ 06. ಇನ್ನೊಂದು .243, ಸಣ್ಣದು.

ಶನಿವಾರ ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆ ಶುರು. ಒಂಬತ್ತೇ ದಿನ. ಅವನ ಮಗಳಿಗೆ ಮೊದಲ ಸಲ.

ದೊಡ್ಡದರ ಒದೆತ ಜಾಸ್ತಿ. ಹೆದರಿ ಕಣ್ಣು ಮುಚ್ಚಿದರೆ ಜಿಂಕೆ ಗಾಯ ಹೊತ್ತು ಓಡುತ್ತೆ. ಸಣ್ಣದು ಮೆತ್ತಗೆ ಒದೆಯುತ್ತೆ, ಆದರೆ ಗುಂಡು ಹಗುರ. ಸರಿಯಾದ ಜಾಗಕ್ಕೇ ಬೀಳಬೇಕು.

'ಅವಳಿಗೆ ಯಾವುದು? ನೀನೇನಂತೀಯ?' ಅಂದ.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇದೆ, ನಿಜ. ಆದರೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಅದಕ್ಕೆ ಹೂವಿಟ್ಟು, ತೆಂಗಿನಕಾಯಿಗೆ ಗುರಿಯಿಟ್ಟವನು ಅಷ್ಟೇ. ತೆಂಗಿನಕಾಯಿ ಓಡಲ್ಲ ಅಲ್ವಾ?

ಅಷ್ಟರಲ್ಲಿ ಮಗಳೇ ಬಂದು ಸಣ್ಣದನ್ನು ಎತ್ತಿಕೊಂಡಳು.