ಇದನ್ನ ಯಾರು ಚೇಂಜ್ ಮಾಡಿದ್ದು?

ತಿಂಗಳಿಗೊಮ್ಮೆಯಾದರೂ ಯಾವುದಾದರೊಂದು ಆ್ಯಪ್ ತೆರೆದ ಕೂಡಲೇ ಬಣ್ಣಬಣ್ಣದ ಡಬ್ಬಿಯೊಂದು ಎದುರಿಗೆ ಬಂದು ನಿಲ್ಲುತ್ತದೆ. ಹೊಸ ಫೀಚರ್ ಬಂದಿದೆ, ಟ್ರೈ ಮಾಡಿ ಅಂತ. ನಾನು ಓದದೇ ಕ್ಲೋಸ್ ಮಾಡುತ್ತೇನೆ. ಎಲ್ಲರೂ ಹಾಗೇ ಅಲ್ವಾ? ಹೊರಗೆ ಗಾಡಿ ಬಂದು ನಿಂತಿರುತ್ತೆ, ಡ್ರೈವರ್ ಹಾರ್ನ್ ಹೊಡೀತಿರ್ತಾನೆ, ಮಾಲಿನ ಜೊತೆ ಕಳಿಸೋ ಡೆಲಿವರಿ ಚಲನ್ ಬರೆಯೋದು ಬಾಕಿ ಇರುತ್ತೆ, ಆಗ ಹೊಸ ಬಟನ್ ನೋಡ್ತಾ ಕೂರೋಕೆ ಯಾರಿಗೆ ಪುರಸೊತ್ತು.

ಆದರೂ ಒಂದು ಮಾತು ಹೇಳಲೇಬೇಕು. ಈ ಐದಾರು ವರ್ಷಗಳಲ್ಲಿ ಆಫೀಸ್ ಸಾಫ್ಟ್‌ವೇರ್‌ಗಳಿಗೆ ಏನೇನೋ ಬಂತು. ಅವುಗಳಲ್ಲಿ ನಮ್ಮ ಕಡೆಯ ಆಫೀಸುಗಳಲ್ಲಿ ಜನ ನಡೆದುಕೊಳ್ಳೋ ರೀತಿಯನ್ನೇ ಬದಲಾಯಿಸಿದ್ದು ಒಂದೇ ಜಾತಿಯವು: ಯಾರು, ಯಾವಾಗ, ಏನು ತಿದ್ದಿದರು ಅಂತ ತೋರಿಸುವಂಥವು. ಎಐ ಅಲ್ಲ, ವಿಡಿಯೋ ಕಾಲಿನ ಹಿಂದೆ ಬರೋ ಸಮುದ್ರದ ಫೋಟೋನೂ ಅಲ್ಲ.

ನಾನಿರೋದು ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ. ಡಿಸ್ಪ್ಯಾಚ್ ನನ್ನದು. ಮಾಲು ಹೋಗೋದು ಜಾಸ್ತಿ ಪೀಣ್ಯಕ್ಕೆ, ಸ್ವಲ್ಪ ವಸಂತನರಸಾಪುರಕ್ಕೆ. ಶಿಫ್ಟ್ ಮುಗಿಯುವಾಗ ಸೂಪರ್‌ವೈಸರ್ ಮೊಬೈಲಿನಿಂದಲೇ ಗೂಗಲ್ ಶೀಟ್ಸಿಗೆ (ಎಲ್ಲರೂ ಸೇರಿ ತುಂಬೋ ಆನ್‌ಲೈನ್ ಲೆಕ್ಕದ ಹಾಳೆ) ಪ್ರೊಡಕ್ಷನ್ ಹಾಕ್ತಾರೆ, ಸ್ಟೋರ್ಸಿನವರು ಸ್ಟಾಕ್ ಹಾಕ್ತಾರೆ, ನಾನು ಅದನ್ನ ನೋಡಿ ಗಾಡಿ ಕರೆಸ್ತೀನಿ. ಒಂದು ದಿನ ಶೀಟಿನಲ್ಲಿ 840 ಪೀಸು ಅಂತಿತ್ತು. ಗಾಡಿ ಬಂತು. ರ‍್ಯಾಕಿನಲ್ಲಿ ನೋಡಿದರೆ ಇರೋದು 480.

‘ಸಾರ್, ನಾನ್ ಹಾಕಿದ್ದು ಕರೆಕ್ಟಾಗೇ ಹಾಕಿದೀನಿ, ಆಮೇಲ್ ಯಾರೋ ಮುಟ್ಟಿದಾರೆ’ ಅಂದರು ಸೂಪರ್‌ವೈಸರ್.

‘ಅಣ್ಣಾ, ನಾನ್ ಆ ಕಾಲಮ್ಮಿನ್ ತಂಟೆಗೇ ಹೋಗಲ್ಲ’ ಅಂದ ಸ್ಟೋರ್ಸಿನ ಹುಡುಗ.

ಮುಂಚೆ ಆಗಿದ್ದರೆ ಇದು ಮಧ್ಯಾಹ್ನದ ಊಟದವರೆಗೂ ಎಳೆಯೋದು. ಆವತ್ತು ಎಳೆಯಲಿಲ್ಲ. ಕಂಪ್ಯೂಟರಿನಲ್ಲಿ ಆ ಸೆಲ್ (ಅಂಕಿ ಇರೋ ಚೌಕ) ಮೇಲೆ ರೈಟ್ ಕ್ಲಿಕ್ ಮಾಡಿ ‘ಶೋ ಎಡಿಟ್ ಹಿಸ್ಟರಿ’ ಒತ್ತಿದರೆ ಸಣ್ಣ ಪೆಟ್ಟಿಗೆ ತೆರೆದುಕೊಳ್ಳುತ್ತೆ. ತಿದ್ದಿದವರ ಹೆಸರು, ತಾರೀಖು, ಟೈಮು, 480 ಇದ್ದದ್ದು 840 ಆಯ್ತು ಅನ್ನೋದು, ಎಲ್ಲಾ ಅದರಲ್ಲೇ. ಬಾಣದ ಗುರುತು ಒತ್ತುತ್ತಾ ಹೋದರೆ ಅದಕ್ಕೂ ಹಿಂದೆ ಏನಿತ್ತು ಅಂತಾನೂ ನೋಡಬಹುದು. ಇದು ಬಂದಿದ್ದು 2019ರಲ್ಲಿ. ಇಡೀ ಫೈಲು ಯಾವಾಗ ಹೇಗಿತ್ತು ಅಂತ ತೋರಿಸೋ ವರ್ಷನ್ ಹಿಸ್ಟರಿ ಅದಕ್ಕೂ ಮುಂಚಿನಿಂದ ಇದೆ, ಆದರೆ ಸಾವಿರ ಸಾಲಿನ ಶೀಟಿನಲ್ಲಿ ಒಂದು ಅಂಕಿ ಹುಡುಕೋಕೆ ಯಾರೂ ಅದನ್ನ ತೆರೀತಿರಲಿಲ್ಲ.

ಹಾಗಂತ ಎಲ್ಲಾ ಸಿಕ್ಕಿಬಿಡುತ್ತೆ ಅಂತಲ್ಲ. ಯಾರಾದರೂ ಸಾಲನ್ನೇ ಡಿಲೀಟ್ ಮಾಡಿದರೆ ಸೆಲ್ಲಿನ ಹಿಸ್ಟರಿಯಲ್ಲಿ ಕಾಣಲ್ಲ. ಫಾರ್ಮುಲಾದಿಂದ ಬದಲಾದ ಅಂಕಿಯೂ ಕಾಣಲ್ಲ. ಆಗ ಮತ್ತೆ ವರ್ಷನ್ ಹಿಸ್ಟರಿಗೇ ಹೋಗಬೇಕು. ಎಕ್ಸೆಲ್‌ನಲ್ಲೂ ಇಂಥದ್ದೇ ಒಂದಿದೆ, ರಿವ್ಯೂ ಟ್ಯಾಬಿನಲ್ಲಿ ‘ಶೋ ಚೇಂಜಸ್’ ಅಂತ. 60 ದಿನಗಳವರೆಗಿನ ಬದಲಾವಣೆ ತೋರಿಸುತ್ತೆ, ಆದರೆ ಫೈಲು ಮೈಕ್ರೋಸಾಫ್ಟಿನ ಆನ್‌ಲೈನ್ ಜಾಗಗಳಾದ ಒನ್‌ಡ್ರೈವ್‌ನಲ್ಲೋ ಶೇರ್‌ಪಾಯಿಂಟ್‌ನಲ್ಲೋ ಇರಬೇಕು. ಪೆನ್‌ಡ್ರೈವಿನಲ್ಲಿ ಓಡಾಡೋ ‘ಸ್ಟಾಕ್ ಫೈನಲ್ ನ್ಯೂ 2’ ಅನ್ನೋ ಫೈಲಿಗೆ ಯಾವ ಹಿಸ್ಟರಿಯೂ ಇಲ್ಲ.

ಸರಿ, 840ರ ಪಕ್ಕ ಬಂದ ಹೆಸರು ಯಾರದು? ‘ಸ್ಟೋರ್ಸ್’ ಅಂತಿತ್ತು.

ಸಮಸ್ಯೆ ಇರೋದು ಇಲ್ಲೇ. ‘ಸ್ಟೋರ್ಸ್’ ಅಂದರೆ ಒಬ್ಬ ಮನುಷ್ಯ ಅಲ್ಲ, ಒಂದು ಮೇಲ್ ಐಡಿ. ಅದರ ಪಾಸ್‌ವರ್ಡ್ ಸ್ಟೋರ್ಸಿನವರಿಗೆ ಗೊತ್ತು, ಎರಡೂ ಶಿಫ್ಟಿನ ಸೂಪರ್‌ವೈಸರುಗಳಿಗೆ ಗೊತ್ತು, ಗೇಟಿನಲ್ಲಿ ಇನ್‌ವರ್ಡ್ (ಒಳಗೆ ಬರೋ ಮಾಲಿನ ಲೆಕ್ಕ) ಬರೆಯೋ ಸೆಕ್ಯುರಿಟಿಗೂ ಗೊತ್ತು. ಸಾಫ್ಟ್‌ವೇರ್ ಕಂಪನಿಯವರು ತಲೆ ಕೆಡಿಸಿಕೊಂಡು ಯಾರು ತಿದ್ದಿದ್ದು ಅಂತ ಹೇಳೋ ಸೌಲಭ್ಯ ಕೊಟ್ಟರೆ ನಾವು ಹಾಜರಿ ಪುಸ್ತಕಕ್ಕೆ ಎಲ್ಲರ ಪರವಾಗಿ ಒಬ್ಬನೇ ಹೆಬ್ಬೆಟ್ಟು ಒತ್ತಿದ ಹಾಗೆ ಮಾಡಿಟ್ಟಿದ್ದೇವೆ. ಇನ್ನು ಕೆಲವು ಕಡೆ ‘ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು’ ಅಂತ ಶೇರ್ ಮಾಡಿಬಿಡ್ತಾರೆ. ಲಾಗಿನ್ ಇಲ್ಲದೆ ಬಂದವರನ್ನು ಗೂಗಲ್ ಮೇಲ್ಗಡೆ ಯಾವುದೋ ಪ್ರಾಣಿ ಹೆಸರಲ್ಲಿ ತೋರಿಸುತ್ತೆ. ಸ್ಟಾಕ್ ತಿದ್ದಿದ್ದು ಅನಾನಿಮಸ್ ಕ್ಯಾಪಿಬಾರ ಅಂದರೆ ಯಾರನ್ನ ಹೋಗಿ ಕೇಳೋಣ ಹೇಳಿ.

ಒಬ್ಬೊಬ್ಬರಿಗೂ ಲಾಗಿನ್ ಕೊಡೋಕೆ ಜನ ಹಿಂದೇಟು ಹಾಕೋಕೆ ಕಾರಣ ದುಡ್ಡು. ಪೇಯ್ಡ್ ಪ್ಲಾನುಗಳೆಲ್ಲ ತಲೆಗಿಷ್ಟು ಅಂತ ಲೆಕ್ಕ. 2025ರ ಜನವರಿಯಲ್ಲಿ ಗೂಗಲ್ ತನ್ನ ಎಐ ಆದ ಜೆಮಿನಿಯನ್ನು ಬೇರೆ ಆಡ್-ಆನ್ ಅಂತ ಮಾರೋದು ನಿಲ್ಲಿಸಿ, ಆಫೀಸುಗಳಿಗೆ ಮಾರೋ ವರ್ಕ್‌ಸ್ಪೇಸ್‌ನ ಬಿಸಿನೆಸ್ ಪ್ಲಾನುಗಳ ಒಳಗೇ ಸೇರಿಸಿತು, ಜೊತೆಗೆ ರೇಟನ್ನೂ ಏರಿಸಿತು. ಬೇಕೋ ಬೇಡವೋ ಎಲ್ಲರ ಹೆಸರಲ್ಲೂ ಎಐಗೆ ದುಡ್ಡು ಕಟ್ಟಬೇಕು ಅಂದಾಗ, ಓನರ್ ‘ಇರೋ ಐಡಿನೇ ಎಲ್ಲರೂ ಹಾಕ್ಕೊಳ್ಳಿ’ ಅನ್ನೋದು ಸಹಜ. ಆದರೆ ಸುಮ್ನೆ ಒಂದು ಶೀಟ್ ತುಂಬೋಕೆ ಪೇಯ್ಡ್ ಐಡಿ ಯಾಕೆ ಬೇಕು? ಆಂಡ್ರಾಯ್ಡ್ ಫೋನ್ ಇಟ್ಟುಕೊಂಡ ಹೆಚ್ಚುಕಮ್ಮಿ ಎಲ್ಲರ ಹತ್ತಿರವೂ ಜಿಮೇಲ್ ಇದ್ದೇ ಇರುತ್ತೆ. ಅವರವರ ಐಡಿಗೇ ಶೇರ್ ಮಾಡಿದರಾಯ್ತು. ಕೆಲಸ ಬಿಟ್ಟು ಹೋದವರನ್ನು ಆವತ್ತೇ ತೆಗೆಯೋದೊಂದು ನೆನಪಿರಬೇಕು.

ಅಕೌಂಟ್ಸ್ ಕಡೆ ಈ ವಿಷಯ ಇನ್ನೂ ಬಿಗಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯೂ ತಾರೀಖಿನ ಸಮೇತ ದಾಖಲಾಗಬೇಕು, ಅದನ್ನ ಆಫ್ ಮಾಡೋಕೆ ಬರಬಾರದು ಅಂತ ಕೇಂದ್ರದ ನಿಯಮ ಇದೆ. ಮೊದಲು 2021ಕ್ಕೇ ಬರಬೇಕಿತ್ತು, ಎರಡು ಸಲ ಮುಂದೆ ಹೋಯ್ತು. ಪ್ರೈವೇಟ್ ಲಿಮಿಟೆಡ್‌ಗೂ ಇದು ಅನ್ವಯ, ಮಂಡಿಪೇಟೆಯ ಪ್ರೊಪ್ರೈಟರ್ (ಒಬ್ಬನೇ ಮಾಲೀಕನ) ಅಂಗಡಿಗೆ ಇಲ್ಲ. ಅದಕ್ಕೇ ಅಕೌಂಟಿಂಗ್ ಸಾಫ್ಟ್‌ವೇರ್ ಮಾಡೋ ನಮ್ಮ ಬೆಂಗಳೂರಿನ ಟ್ಯಾಲಿಯವರು ‘ಎಡಿಟ್ ಲಾಗ್’ ತಂದರು. ಹಳೇ ವೋಚರ್ ತೆರೆದು ಅಮೌಂಟ್ ತಿದ್ದಿದರೆ ಹಳೇದೂ ಉಳಿಯುತ್ತೆ, ಹೊಸದೂ ಉಳಿಯುತ್ತೆ, ಯಾವ ಯೂಸರ್ ಅಂತಲೂ ಬರುತ್ತೆ. ಆಡಿಟರ್ ತಮ್ಮ ರಿಪೋರ್ಟಿನಲ್ಲಿ ಇದರ ಬಗ್ಗೆ ಬರೆಯಲೇಬೇಕು. ಮಾರ್ಚ್ ಕೊನೆಯಲ್ಲಿ ಕೂತು ಎಂಟ್ರಿಗಳನ್ನ ‘ಸರಿ’ ಮಾಡೋ ಹಳೇ ಅಭ್ಯಾಸಕ್ಕೆ ಇಷ್ಟು ಬೆದರಿಕೆ ಬೇರೆ ಯಾವುದೂ ಹಾಕಿರಲಿಲ್ಲ! ಆದರೆ ಅಲ್ಲೂ ಎಲ್ಲರೂ ‘ಅಡ್ಮಿನ್’ ಅಂತ ಒಳಗೆ ಹೋದರೆ ಮುಗೀತು, ಲಾಗ್ ತುಂಬ ಅಡ್ಮಿನ್ನೇ.

ವಾಟ್ಸಾಪ್ ಇದಕ್ಕೆ ಉಲ್ಟಾ. 2023ರ ಮೇನಲ್ಲಿ ಮೆಸೇಜ್ ಎಡಿಟ್ ಮಾಡೋದು ಬಂತು, ಕಳಿಸಿದ 15 ನಿಮಿಷದೊಳಗೆ. ‘ಎಡಿಟೆಡ್’ ಅಂತ ಸಣ್ಣಕ್ಷರದಲ್ಲಿ ಕಾಣುತ್ತೆ, ಮುಂಚೆ ಏನಿತ್ತು ಅಂತ ಕಾಣಲ್ಲ. ‘ಎರಡು ಪ್ಯಾಲೆಟ್ ಕಳ್ಸಿ’ ಅಂದಿದ್ದನ್ನ ‘ಮೂರು’ ಮಾಡಿದರೆ, ಮೊದಲೇ ಓದಿ ಎರಡು ಲೋಡ್ ಮಾಡಿದ ಹುಡುಗನಿಗೆ ಬೈಗುಳ. ಮನೆ ಗುಂಪಿಗೆ ಇದು ಪರವಾಗಿಲ್ಲ. ಆರ್ಡರ್ ತಗೊಳ್ಳೋ ಗುಂಪಿಗೆ ಅಲ್ಲ. ಅದಕ್ಕೇ ನಾನು ಕ್ವಾಂಟಿಟಿ ಬಂದ ಮೆಸೇಜಿಗೆ ಹೆಬ್ಬೆರಳು ತೋರಿಸಿ ಸುಮ್ಮನಾಗಲ್ಲ, ಅಂಕಿಯನ್ನ ತಿರುಗಿ ಟೈಪ್ ಮಾಡಿ ‘ಓಕೆ ಸರ್’ ಅಂತ ಕಳಿಸ್ತೀನಿ.

ಇದರಿಂದ ಜನ ಹೇಗಾದರು ಅಂತ ಯಾವ ಅಪ್‌ಡೇಟ್ ನೋಟಿನಲ್ಲೂ ಬರೆದಿರಲ್ಲ. ನಮ್ಮಲ್ಲಿ ಜಗಳ ಕಮ್ಮಿಯಾಯ್ತು, ನಿಜ. ಆದರೆ ಹೆಸರು ಬೀಳುತ್ತೆ ಅಂತ ಗೊತ್ತಾದ ಮೇಲೆ ಕೆಲವರು ಶೀಟ್ ಮುಟ್ಟೋದೇ ಬಿಟ್ಟರು. ಪ್ರೊಡಕ್ಷನ್ ಅಂಕಿಯನ್ನ ಚೀಟಿಯಲ್ಲಿ ಬರೆದು, ಫೋಟೋ ತೆಗೆದು ನನಗೆ ಕಳಿಸಿ, ‘ನೀವೇ ಹಾಕ್ಬಿಡಿ ಸಾರ್’ ಅಂತಾರೆ. ಆಗ ಬೀಳೋ ಹೆಸರು ನನ್ನದು. ಬುದ್ಧಿವಂತಿಕೆ ಅಂದರೆ ಇದಪ್ಪಾ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಿಸ್ಟರಿ ತೆಗೆದು ತೋರಿಸಿ ಎಲ್ಲರೆದುರು ಬೈದರೆ ಯಾರು ತಾನೇ ಮುಟ್ತಾರೆ? ಇಂಥವರಿಗೆ ಕಾಮೆಂಟ್ ಹಾಕೋ ಅವಕಾಶ ಮಾತ್ರ ಕೊಟ್ಟರೆ ಒಳ್ಳೇದು. ಸೆಲ್ಲಿನ ಮೇಲೆ ‘ಇದು ಡೌಟು’ ಅಂತ ಬರೆದು ಸಂಬಂಧಪಟ್ಟವರ ಹೆಸರಿಗೆ ಅಸೈನ್ ಮಾಡಬಹುದು. ಅಂಕಿ ಅಲ್ಲಾಡಲ್ಲ, ಮೇಲ್ ಹೋಗುತ್ತೆ.

ಎಐ ಬಗ್ಗೆ ಏನೂ ಹೇಳಲಿಲ್ಲ ಅಂತೀರಾ? ಮೀಟಿಂಗ್ ನೋಟ್ಸ್ ತಾನೇ ಬರೆಯುತ್ತೆ ಅಂತ ಒಂದು ಟೂಲ್ ಹಾಕಿ ನೋಡಿದೆವು. ನಮ್ಮ ಮೀಟಿಂಗ್ ಅರ್ಧ ಕನ್ನಡ, ಕಾಲು ಇಂಗ್ಲಿಷ್, ಆಪರೇಟರುಗಳಿಗೋಸ್ಕರ ಉಳಿದದ್ದು ಹಿಂದಿ. ಬಂದ ನೋಟ್ಸ್ ಓದಿ ಅಕೌಂಟ್ಸ್ ಮೇಡಂ ನಕ್ಕಿದ್ದೇ ಲಾಭ.

ಈಗ ಸ್ಟೋರ್ಸ್ ಐಡಿಯ ಪಾಸ್‌ವರ್ಡ್ ಬದಲಾಯಿಸಿ, ಶೀಟನ್ನ ಒಬ್ಬೊಬ್ಬರ ಜಿಮೇಲಿಗೆ ಶೇರ್ ಮಾಡಿದ್ದೇವೆ, ಅವರವರ ಕಾಲಮ್ ಬಿಟ್ಟು ಬೇರೇದು ತಿದ್ದೋಕಾಗದ ಹಾಗೆ ಪ್ರೊಟೆಕ್ಟ್ ಮಾಡಿದ್ದೇವೆ. ಸೆಕ್ಯುರಿಟಿಯವರು ಕೇಳಿದ್ದಕ್ಕೆ ಇನ್‌ವರ್ಡ್‌ಗೆ ಬೇರೆ ಶೀಟೇ ಆಯ್ತು. ಟ್ಯಾಲಿಯಲ್ಲಿ ಮಾತ್ರ ಇನ್ನೂ ಅಡ್ಮಿನ್ ಒಬ್ಬನೇ. ‘ಆಡಿಟ್ ಬರೋದ್ರೊಳಗೆ ಮಾಡೋಣ’ ಅಂದಿದ್ದಾರೆ ಓನರ್, ಮೇಡಂ ದಿನಾ ನೆನಪಿಸ್ತಿದ್ದಾರೆ.